ಬಿಟ್‌ಕಾಯಿನ್ ಕ್ಯಾಶ್: ಹತ್ತು ನಿಮಿಷದ ಬ್ಲಾಕ್ ಒಂದು ನಿಮಿಷಕ್ಕೆ ಇಳಿಯಬೇಕಾ?

ಮಲ್ನಾಡ್‌ನೋಡ್

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಲ್ಲಿದ್ದ ವಿಷಯ, ಇವತ್ತು ಬರೆದೇ ಬಿಡುತ್ತೇನೆ. ಬಿಟ್‌ಕಾಯಿನ್ ಕ್ಯಾಶ್ ಅನ್ನುವ ಡಿಜಿಟಲ್ ಹಣದಲ್ಲಿ ವ್ಯವಹಾರಗಳನ್ನು ಕಂತೆ ಕಟ್ಟಿ ಲೆಕ್ಕದ ಸರಪಳಿಗೆ ಸೇರಿಸುತ್ತಾರೆ, ಆ ಕಂತೆಯೇ ಬ್ಲಾಕ್. ಒಂದು ಬ್ಲಾಕ್ ಬರುವ ಸರಾಸರಿ ಸಮಯ ಹತ್ತು ನಿಮಿಷದಿಂದ ಒಂದು ನಿಮಿಷಕ್ಕೆ ಇಳಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಇದು ನನ್ನ ಸ್ವಂತ ಕಲ್ಪನೆ ಅಲ್ಲ, ಡೆವಲಪರ್‌ಗಳ ನಡುವೆ ವರ್ಷಗಳಿಂದ ಈ ಮಾತು ನಡೆದಿದೆ. ಆದರೆ ಕನ್ನಡದಲ್ಲಿ ಯಾರೂ ಕೂತು ಬಿಡಿಸಿ ಮಾತಾಡಿದ್ದನ್ನು ನಾನು ನೋಡಿಲ್ಲ.

ನನ್ನ ಕಥೆ ಹೇಳುತ್ತೇನೆ. ಹೋದ ತಿಂಗಳು ಕಾಯಿನ್ ಕೊಂಡು ಮಾರುವ ಒಂದು ಎಕ್ಸ್‌ಚೇಂಜ್‌ಗೆ ಸ್ವಲ್ಪ ಕಾಯಿನ್ ಕಳಿಸಿದೆ. ಅವರು ಹತ್ತು ಕನ್ಫರ್ಮೇಷನ್ ಕೇಳುತ್ತಾರೆ, ಅಂದರೆ ನನ್ನ ವ್ಯವಹಾರ ಇರುವ ಬ್ಲಾಕ್ ಸೇರಿ ಹತ್ತು ಬ್ಲಾಕ್ ಬರಬೇಕು. ಮೊದಲನೇ ಬ್ಲಾಕ್ ಬರುವುದಕ್ಕೇ 47 ನಿಮಿಷ ಆಯ್ತು. ಅದು ನನ್ನ ಒಬ್ಬನ ದುಡ್ಡಲ್ಲ, ತಮ್ಮನದೂ ಸೇರಿತ್ತು. ಅವನು ಐದು ನಿಮಿಷಕ್ಕೊಂದು ಸಲ ಫೋನ್ ಮಾಡಿ "ಅಣ್ಣ, ದುಡ್ಡು ಹೋಯ್ತಾ?" ಅಂತ ಕೇಳ್ತಿದ್ದ. ನನ್ನ ಮನೆಯಲ್ಲೇ ನೋಡ್, ಅಂದರೆ ಈ ನೆಟ್‌ವರ್ಕ್‌ನ ಲೆಕ್ಕ ಇಟ್ಟು ಪರೀಕ್ಷಿಸುವ ಕಂಪ್ಯೂಟರ್, ಓಡುತ್ತಿದೆ, ವ್ಯವಹಾರ ಸರಿಯಾಗಿ ಹೋಗಿದೆ ಅಂತ ನನಗೆ ಕಣ್ಣೆದುರಿಗೇ ಕಾಣಿಸುತ್ತಿದೆ. ಆದರೂ ಅವನಿಗೆ ಏನು ಉತ್ತರ ಹೇಳಲಿ? ಬ್ಲಾಕ್ ಬಂದಿಲ್ಲ ಕಣೋ, ಯಾವಾಗ ಬರುತ್ತೆ ಗೊತ್ತಿಲ್ಲ, ಅಷ್ಟೇ.

ಈ ನೆಟ್‌ವರ್ಕ್ ಹುಟ್ಟಿದ್ದೇ ದಿನನಿತ್ಯದ ಹಣವಾಗಿ ಬಳಸಲಿ ಅಂತ. 2017ರ ಆಗಸ್ಟ್ 1ರಂದು ಬಿಟ್‌ಕಾಯಿನ್‌ನಿಂದ ಬೇರೆ ಆಗಿದ್ದು ಅದಕ್ಕೇ ಅಲ್ವಾ? ಬ್ಲಾಕ್ ದೊಡ್ಡದು ಮಾಡಿದೆವು, ಶುಲ್ಕ ಪೈಸೆಗೆ ಇಳಿಯಿತು. ಕಾಯುವುದು ಮಾತ್ರ 2009ರಲ್ಲಿ ಹೇಗಿತ್ತೋ ಹಾಗೇ ಇದೆ.

ಅಂಗಡಿಅಣ್ಣ

ನಮಸ್ಕಾರ. ನನ್ನದು ಚಿಕ್ಕ ಸ್ಟೇಷನರಿ ಅಂಗಡಿ. ಅಂಗಡಿಯಲ್ಲಿ ಕ್ರಿಪ್ಟೋ ತಗೊಳ್ಳುವುದಿಲ್ಲ, ಆದರೆ ಈ ವಿಷಯ ಏಳು ವರ್ಷದಿಂದ ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ.

ನನಗೆ ಒಂದು ಅರ್ಥ ಆಗ್ತಿಲ್ಲ. ಚಿಲ್ಲರೆ ವ್ಯಾಪಾರಕ್ಕೆ ಬ್ಲಾಕ್ ಯಾಕೆ ಕಾಯಬೇಕು? ಝೀರೋ ಕನ್ಫರ್ಮೇಷನ್, ಅಂದರೆ ಬ್ಲಾಕ್ ಕಾಯದೆ ವ್ಯವಹಾರ ಒಪ್ಪಿಕೊಳ್ಳುವುದು, ಇದೆಯಲ್ಲ. ನಮ್ಮಲ್ಲಿ ಯುಪಿಐ ಹೇಗೆ ನಡೆಯುತ್ತೆ ನೋಡಿ. ಗಿರಾಕಿ ಸ್ಕ್ಯಾನ್ ಮಾಡ್ತಾರೆ, ಸೌಂಡ್‌ಬಾಕ್ಸ್ "ಇಷ್ಟು ರೂಪಾಯಿ ಬಂದಿದೆ" ಅಂತ ಕೂಗುತ್ತೆ, ನಾನು ಪೆನ್ನು ಕೊಟ್ಟು ಕಳಿಸ್ತೀನಿ. ಆದರೆ ಆ ಕ್ಷಣಕ್ಕೇ ಬ್ಯಾಂಕ್ ಬ್ಯಾಂಕ್ ನಡುವೆ ದುಡ್ಡು ಓಡಾಡಿರುವುದಿಲ್ಲ. ಅವರು ದಿನಕ್ಕೆ ಹಲವು ಸಲ ಒಟ್ಟು ಲೆಕ್ಕ ಹಾಕಿ ಆಮೇಲೆ ತೀರಿಸಿಕೊಳ್ಳುತ್ತಾರೆ. ಗಿರಾಕಿಗೂ ನನಗೂ ಅದರ ಗೊಡವೆ ಇಲ್ಲ. ಹಾಗೇ ಬಿಟ್‌ಕಾಯಿನ್ ಕ್ಯಾಶ್‌ನಲ್ಲಿ ವ್ಯವಹಾರ ಎರಡು ಮೂರು ಸೆಕೆಂಡಲ್ಲಿ ಎಲ್ಲ ನೋಡ್‌ಗಳಿಗೆ ತಲುಪುತ್ತೆ, ಯಾರಾದರೂ ಒಂದೇ ಕಾಯಿನ್ ಎರಡು ಕಡೆ ಖರ್ಚು ಮಾಡಲು ಹೋದರೆ ಡಬಲ್ ಸ್ಪೆಂಡ್ ಪ್ರೂಫ್ ಅಂತ ಎಚ್ಚರಿಕೆ ಬರುತ್ತೆ. ಬ್ಲಾಕ್ ಹಿಂದುಗಡೆ ನಿಧಾನಕ್ಕೆ ಬರಲಿ. ಇರುವುದು ಚೆನ್ನಾಗೇ ನಡೀತಿದೆ, ಯಾಕೆ ಕೈ ಹಾಕಬೇಕು?

ಮಲ್ನಾಡ್‌ನೋಡ್

ಅಣ್ಣ, ಸೌಂಡ್‌ಬಾಕ್ಸ್ ಹೋಲಿಕೆ ಬಹಳ ಚೆನ್ನಾಗಿದೆ, ಒಪ್ಪುತ್ತೇನೆ. ಪೆನ್ನಿಗೆ, ಕಾಫಿಗೆ ಬ್ಲಾಕ್ ಕಾಯುವುದು ಬೇಡ. ಆದರೆ ಯುಪಿಐ ಹಿಂದೆ ಬ್ಯಾಂಕ್‌ಗಳಿವೆ, ರಿಸರ್ವ್ ಬ್ಯಾಂಕ್ ಇದೆ. ಏನಾದರೂ ಎಡವಟ್ಟಾದರೆ ಹೊಣೆ ಹೊರುವವರು ಇದ್ದಾರೆ. ಇಲ್ಲಿ ಬ್ಲಾಕ್ ಒಂದೇ ಆಧಾರ.

ಝೀರೋ ಕನ್ಫರ್ಮೇಷನ್ ಸಾಲದ ಜಾಗ ಎರಡಿವೆ. ಒಂದು, ದೊಡ್ಡ ಮೊತ್ತ. ಯಾವ ಎಕ್ಸ್‌ಚೇಂಜೂ ಬ್ಲಾಕ್ ಬರದೆ ದುಡ್ಡು ಜಮಾ ಮಾಡಲ್ಲ, ಮಾಡಬಾರದು ಕೂಡ. ಎರಡನೆಯದು ಹೊಸದು. ಈಗ ಈ ನೆಟ್‌ವರ್ಕ್ ಮೇಲೆ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳು, ಅಂದರೆ ತಾವೇ ಜಾರಿಯಾಗುವ ಒಪ್ಪಂದದ ಕೋಡ್, ನಡೆಯುತ್ತಿವೆ, ಟೋಕನ್ ಬದಲಾಯಿಸುವ ಪೂಲ್‌ಗಳಿವೆ, ಅಂದರೆ ಎಲ್ಲರೂ ಬಳಸುವ ಕಾಯಿನ್ ರಾಶಿ. ಅಲ್ಲಿ ಒಂದೇ ಪೂಲ್‌ನ ಕಾಯಿನ್ ಮೇಲೆ ಹತ್ತು ಜನ ಒಟ್ಟಿಗೆ ಕೈ ಹಾಕುತ್ತಾರೆ. ಯಾರೂ ಮೋಸ ಮಾಡುತ್ತಿಲ್ಲ, ಆದರೂ ಒಬ್ಬರ ವ್ಯವಹಾರ ಇನ್ನೊಬ್ಬರದ್ದಕ್ಕೆ ಅಡ್ಡ ಬರುತ್ತೆ. ಯಾರದ್ದು ಗೆದ್ದಿತು ಅಂತ ಬ್ಲಾಕ್ ಬಂದ ಮೇಲೇ ಗೊತ್ತಾಗುವುದು. ಅಲ್ಲಿಯವರೆಗೆ ಒಂದರ ಮೇಲೆ ಒಂದು ಕಟ್ಟಿದ ಸರಪಳಿ ಎಲ್ಲಾ ತೂಗಾಡುತ್ತಾ ಇರುತ್ತೆ.

ಲೆಕ್ಕದಮೇಷ್ಟ್ರು

ಒಂದು ಸಣ್ಣ ತಿದ್ದುಪಡಿಯಿಂದ ಶುರು ಮಾಡುತ್ತೇನೆ. 47 ನಿಮಿಷ ಅನ್ನುವುದು ದುರದೃಷ್ಟ ಅಲ್ಲ, ದಿನಾ ನಡೆಯುವಂಥದ್ದು. ದಿನಕ್ಕೆ ಸುಮಾರು 144 ಬ್ಲಾಕ್ ಬರುತ್ತವೆ. ಎರಡು ಬ್ಲಾಕ್‌ಗಳ ನಡುವಿನ ಅಂತರ 47 ನಿಮಿಷ ದಾಟುವ ಸಾಧ್ಯತೆ 1%ಗೆ ಸ್ವಲ್ಪ ಕಡಿಮೆ. ಗುಣಿಸಿ ನೋಡಿ, ಸರಾಸರಿ ದಿನಕ್ಕೊಂದು ಸಲ ಹೀಗೆ ಆಗೇ ಆಗುತ್ತದೆ.

ಜನ ಎಡವುವುದು ಇಲ್ಲೇ. "ಹತ್ತು ನಿಮಿಷಕ್ಕೊಂದು ಬ್ಲಾಕ್" ಅಂದರೆ ರೈಲಿನ ವೇಳಾಪಟ್ಟಿ ಥರ ಅಂದುಕೊಳ್ಳುತ್ತಾರೆ. ಅದು ಚೌಕಾಬಾರದ ಥರ. ಬೇಕಾದ ಗರ ಬೀಳಲಿ ಅಂತ ಕವಡೆ ಹಾಕುತ್ತಾ ಇರುತ್ತೀರಿ. ಇಪ್ಪತ್ತು ಸಲ ಬೀಳಲಿಲ್ಲ ಅಂದ ಮಾತ್ರಕ್ಕೆ ಇಪ್ಪತ್ತೊಂದನೇ ಸಲ ಬೀಳುವ ಸಾಧ್ಯತೆ ಹೆಚ್ಚಾಗುವುದಿಲ್ಲ. ಕವಡೆಗೆ ನೆನಪಿಲ್ಲ. ಮೈನಿಂಗ್, ಅಂದರೆ ಯಂತ್ರಗಳು ಊಹೆ ಮೇಲೆ ಊಹೆ ಹಾಕಿ ಬ್ಲಾಕ್ ಕಂಡುಹಿಡಿಯುವ ಕೆಲಸ, ಕೂಡ ಹಾಗೇ. ಅರ್ಧ ಗಂಟೆ ಕಾದಿದ್ದೀರಿ ಅಂತಿಟ್ಟುಕೊಳ್ಳಿ, ಮುಂದಿನ ಬ್ಲಾಕ್‌ಗೆ ಇನ್ನೂ ಸರಾಸರಿ ಹತ್ತು ನಿಮಿಷವೇ ಬಾಕಿ. ಇನ್ನೊಂದು ವಿಚಿತ್ರ ಕೇಳಿ: ನೀವು ಯಾವುದೋ ಒಂದು ಹೊತ್ತಲ್ಲಿ ವ್ಯವಹಾರ ಕಳಿಸಿದರೆ, ನೀವು ಸಿಕ್ಕಿಕೊಂಡ ಅಂತರದ ಸರಾಸರಿ ಉದ್ದ ಹತ್ತಲ್ಲ, ಇಪ್ಪತ್ತು ನಿಮಿಷ! ಉದ್ದದ ಅಂತರಗಳು ಹೆಚ್ಚು ಹೊತ್ತು ಇರುತ್ತವೆ, ಹಾಗಾಗಿ ಅವುಗಳೊಳಗೆ ಬೀಳುವ ಸಂಭವವೂ ಜಾಸ್ತಿ.

ಈಗ ಮಲ್ನಾಡ್‌ನೋಡ್ ಅವರ ಪ್ರಸ್ತಾಪಕ್ಕೆ ಬರೋಣ. ಹತ್ತು ನಿಮಿಷದ ಬ್ಲಾಕ್‌ನಲ್ಲಿ ಒಂದು ಕನ್ಫರ್ಮೇಷನ್‌ಗೆ 20 ನಿಮಿಷಕ್ಕಿಂತ ಹೆಚ್ಚು ಕಾಯುವ ಸಾಧ್ಯತೆ 13.5%. ಅಂದರೆ ಏಳು ಸಲಕ್ಕೆ ಒಂದು ಸಲ. ಒಂದು ನಿಮಿಷದ ಬ್ಲಾಕ್‌ನಲ್ಲಿ ಅಷ್ಟೇ ಕೆಲಸಕ್ಕೆ ಸಮನಾಗಿ ಹತ್ತು ಕನ್ಫರ್ಮೇಷನ್ ಕೇಳಿದರೂ, 20 ನಿಮಿಷ ದಾಟುವ ಸಾಧ್ಯತೆ 0.5%. ಇನ್ನೂರು ಸಲಕ್ಕೆ ಒಂದು. ಸರಾಸರಿ ಎರಡರಲ್ಲೂ ಹತ್ತೇ ನಿಮಿಷ. ಬದಲಾಗುವುದು ಏರುಪೇರು. ಮನುಷ್ಯನಿಗೆ ಸಿಟ್ಟು ಬರುವುದು ಸರಾಸರಿಯಿಂದ ಅಲ್ಲ, ಏರುಪೇರಿನಿಂದ. ಹಾಗಾಗಿ "ವೇಗದ ಬ್ಲಾಕ್" ಅನ್ನುವ ಹೆಸರೇ ನನಗೆ ಅಷ್ಟು ಸರಿ ಕಾಣುವುದಿಲ್ಲ. "ನಂಬಬಹುದಾದ ಕಾಯುವಿಕೆ" ಅಂದರೆ ವಿಷಯ ಸರಿಯಾಗಿ ತಲುಪುತ್ತದೆ.

ಮಲ್ನಾಡ್‌ನೋಡ್

ಮೇಷ್ಟ್ರೇ, ನಾನು ಇಷ್ಟು ದಿನ ಹೇಳಲು ಒದ್ದಾಡುತ್ತಿದ್ದದ್ದು ಇದೇ. ತುಂಬಾ ಥ್ಯಾಂಕ್ಸ್.

ರಾತ್ರಿಪಾಳಿ

ನಾನು ನೆಟ್‌ವರ್ಕ್ ಕೆಲಸದವನು, ಡೇಟಾ ಸೆಂಟರ್‌ನಲ್ಲಿ. ಮೇಷ್ಟ್ರು ಹೇಳಿದ ಲೆಕ್ಕ ಸರಿ. ಆದರೆ ಅದು ಕಾಯುವವರ ಕಡೆಯ ಲೆಕ್ಕ ಮಾತ್ರ. ಬ್ಲಾಕ್ ಮಾಡುವವರ ಕಡೆಯದ್ದನ್ನೂ ನೋಡಬೇಕು.

ಒಬ್ಬ ಮೈನರ್ ಬ್ಲಾಕ್ ಕಂಡುಹಿಡಿದ ಕ್ಷಣಕ್ಕೇ ಅದು ಜಗತ್ತಿಗೆಲ್ಲ ಗೊತ್ತಾಗುವುದಿಲ್ಲ. ಕೇಬಲ್‌ನಲ್ಲಿ ಓಡಬೇಕು, ಪ್ರತಿ ನೋಡ್ ಅದನ್ನು ಪರೀಕ್ಷಿಸಿ ಮುಂದೆ ದಾಟಿಸಬೇಕು. ಆ ಹೊತ್ತಿನಲ್ಲಿ ಇನ್ನೊಬ್ಬರು ಸರಪಳಿಯ ಅದೇ ಎತ್ತರದಲ್ಲಿ, ಅಂದರೆ ಅದೇ ಕ್ರಮಸಂಖ್ಯೆಗೆ, ಇನ್ನೊಂದು ಬ್ಲಾಕ್ ಮಾಡಿದರೆ ಎರಡರಲ್ಲಿ ಒಂದು ಹಾಳು. ಅದಕ್ಕೆ ಹಾಕಿದ ಕರೆಂಟ್ ಪೂರಾ ನಷ್ಟ. 2013ರಲ್ಲಿ ಡೆಕ್ಕರ್ ಮತ್ತು ವಾಟೆನ್‌ಹೋಫರ್ ಅನ್ನುವ ಇಬ್ಬರು ಸಂಶೋಧಕರು ಬಿಟ್‌ಕಾಯಿನ್‌ನಲ್ಲಿ ಇದನ್ನು ಅಳೆದಿದ್ದರು. ಅರ್ಧದಷ್ಟು ನೋಡ್‌ಗಳಿಗೆ ಬ್ಲಾಕ್ ತಲುಪಲು ಆಗ 6.5 ಸೆಕೆಂಡ್ ಹಿಡಿಯುತ್ತಿತ್ತು. 40 ಸೆಕೆಂಡ್ ಆದ ಮೇಲೂ 5% ನೋಡ್‌ಗಳಿಗೆ ತಲುಪಿರುತ್ತಿರಲಿಲ್ಲ. ಆಮೇಲೆ 2016ರ ಹೊತ್ತಿಗೆ ಕಾಂಪ್ಯಾಕ್ಟ್ ಬ್ಲಾಕ್ ಬಂತು. ಅದರಲ್ಲಿ ವ್ಯವಹಾರಗಳನ್ನು ಮತ್ತೆ ಪೂರ್ತಿ ಕಳಿಸದೆ, ಅವುಗಳ ಚಿಕ್ಕ ಗುರುತು ಮಾತ್ರ ಕಳಿಸುತ್ತಾರೆ. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಲೆಕ್ಕಕ್ಕೆ ಎರಡು ಸೆಕೆಂಡ್ ಅಂತ ಹಿಡಿಯೋಣ.

ಹತ್ತು ನಿಮಿಷದ ಬ್ಲಾಕ್‌ಗೆ ಎರಡು ಸೆಕೆಂಡ್ ತಡ ಅಂದರೆ ಸಾವಿರಕ್ಕೆ ಮೂರು ಬ್ಲಾಕ್ ಹಾಳು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ನಿಮಿಷದ ಬ್ಲಾಕ್‌ಗೆ ಅದೇ ತಡ ಅಂದರೆ ನೂರಕ್ಕೆ ಮೂರಕ್ಕಿಂತ ಜಾಸ್ತಿ. ಹತ್ತು ಸೆಕೆಂಡ್‌ಗೆ ಇಳಿಸಿದರೆ ನೂರಕ್ಕೆ ಹದಿನೆಂಟು.

ಈ ನಷ್ಟ ಎಲ್ಲರಿಗೂ ಸಮವಾಗಿ ಹಂಚಿಕೆ ಆಗಲ್ಲ, ನನ್ನ ಚಿಂತೆ ಇರುವುದು ಅಲ್ಲಿ. ಒಟ್ಟು ಮೈನಿಂಗ್ ಶಕ್ತಿಯಲ್ಲಿ 30% ಇರುವ ಪೂಲ್, ಅಂದರೆ ಒಟ್ಟಿಗೆ ಮೈನಿಂಗ್ ಮಾಡುವ ಗುಂಪು, ತನ್ನದೇ ಬ್ಲಾಕ್‌ಗಾಗಿ ಕಾಯಬೇಕಾಗಿಲ್ಲ, ಅದು ಆ ಕ್ಷಣದಲ್ಲೇ ಮುಂದಿನದಕ್ಕೆ ಕೈ ಹಾಕುತ್ತೆ. ಹಾಗಾಗಿ ಒಂದು ನಿಮಿಷದ ಬ್ಲಾಕ್‌ನಲ್ಲಿ ಅದಕ್ಕೆ ನಷ್ಟ ಸುಮಾರು 2.3%. ದೂರದಲ್ಲಿರುವ ಚಿಕ್ಕ ಮೈನರ್‌ಗೆ 3.3%. ಒಂದು ಪರ್ಸೆಂಟ್ ಅಷ್ಟೇ ತಾನೇ ಅನ್ನಬೇಡಿ. ಮೈನಿಂಗ್‌ನಲ್ಲಿ ಲಾಭ ತೀರಾ ತೆಳುವಾಗಿರುತ್ತೆ, ಆ ಒಂದು ಪರ್ಸೆಂಟ್‌ಗೇ ಚಿಕ್ಕವರು ಬಾಗಿಲು ಮುಚ್ಚುತ್ತಾರೆ ಇಲ್ಲವೇ ದೊಡ್ಡ ಪೂಲ್ ಸೇರುತ್ತಾರೆ. ವೇಗ ಬೇಕು ಅಂತ ಹೋಗಿ, ನಾಲ್ಕೇ ಜನರ ಕೈಯಲ್ಲಿ ನೆಟ್‌ವರ್ಕ್ ಕೊಟ್ಟರೆ ಆಮೇಲೆ ಇದು ಬ್ಯಾಂಕಿಗಿಂತ ಹೇಗೆ ಬೇರೆ?

ಡಲ್ಲಾಸ್‌ಕನ್ನಡಿಗ

ಎಲ್ಲರಿಗೂ ನಮಸ್ಕಾರ, ಇಲ್ಲಿ ಈಗ ಬೆಳಗಾಗುತ್ತಿದೆ. ಬೇರೆ ನೆಟ್‌ವರ್ಕ್‌ಗಳಲ್ಲಿ ಏನಾಯ್ತು ಅಂತ ನೋಡಿದರೆ ಚರ್ಚೆ ಸ್ವಲ್ಪ ನೆಲಕ್ಕಿಳಿಯುತ್ತದೆ ಅನ್ನಿಸಿತು.

ಲೈಟ್‌ಕಾಯಿನ್ 2011ರಿಂದ ಎರಡೂವರೆ ನಿಮಿಷಕ್ಕೊಂದು ಬ್ಲಾಕ್ ಮಾಡುತ್ತಿದೆ. ಡೋಜ್‌ಕಾಯಿನ್ 2013ರ ಡಿಸೆಂಬರ್‌ನಲ್ಲಿ ಶುರುವಾಯಿತು, ಒಂದು ನಿಮಿಷದ ಬ್ಲಾಕ್. ಹತ್ತು ವರ್ಷ ದಾಟಿದೆ, ಬ್ಲಾಕ್ ಸಮಯದಿಂದಾಗಿ ಕುಸಿದು ಬಿದ್ದಿಲ್ಲ. ಎಥೀರಿಯಂ ಮೈನಿಂಗ್ ಇದ್ದ ಕಾಲದಲ್ಲಿ ಹದಿಮೂರು ಹದಿನಾಲ್ಕು ಸೆಕೆಂಡ್‌ಗೇ ಬ್ಲಾಕ್ ಮಾಡುತ್ತಿತ್ತು. ಅಲ್ಲಿ ರಾತ್ರಿಪಾಳಿ ಅವರು ಹೇಳಿದ ಸಮಸ್ಯೆ ನಿಜಕ್ಕೂ ಎದುರಾಯಿತು. ಅದಕ್ಕೇ ಹಾಳಾದ ಬ್ಲಾಕ್‌ಗಳನ್ನು "ಅಂಕಲ್" ಅಂತ ಕರೆದು, ಅವಕ್ಕೂ ಬ್ಲಾಕ್ ಮಾಡಿದ ಮೈನರ್‌ಗೆ ಸಿಗುವ ಹೊಸ ಕಾಯಿನ್ ಬಹುಮಾನದ ಒಂದು ಪಾಲು, ಹೆಚ್ಚೆಂದರೆ ಎಂಟರಲ್ಲಿ ಏಳು ಭಾಗ, ಕೊಡುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಬಿಟ್ಟ ಮೇಲೆ 12 ಸೆಕೆಂಡ್‌ಗೆ ಗಡಿಯಾರದ ಥರ ಬ್ಲಾಕ್ ಬರುತ್ತೆ, ಈಗ ಅದನ್ನೂ 6 ಸೆಕೆಂಡ್‌ಗೆ ಇಳಿಸುವ ಪ್ರಸ್ತಾಪ ಇದೆ. ಆದರೆ ಒಂದು ಗಮನಿಸಿ: ಬ್ಲಾಕ್ 12 ಸೆಕೆಂಡ್‌ಗೆ ಬಂದರೂ ಅದು ಮತ್ತೆ ಬದಲಾಗದು ಅಂತ ಪಕ್ಕಾ ಆಗಲು ಸುಮಾರು 13 ನಿಮಿಷ ಬೇಕು. ಬ್ಲಾಕ್ ಬೇಗ ಬರುವುದು ಬೇರೆ, ವ್ಯವಹಾರ ಗಟ್ಟಿ ಆಗುವುದು ಬೇರೆ.

ನಡೆಯುತ್ತಿರುವ ನೆಟ್‌ವರ್ಕ್‌ನಲ್ಲಿ ಸಮಯ ಬದಲಾಯಿಸಿದ ಉದಾಹರಣೆಯೂ ಇದೆ. ಝೀಕ್ಯಾಶ್ 2019ರ ಡಿಸೆಂಬರ್‌ನಲ್ಲಿ ಬ್ಲಾಸಮ್ ಅನ್ನುವ ಅಪ್‌ಗ್ರೇಡ್‌ನಲ್ಲಿ 150 ಸೆಕೆಂಡ್ ಇದ್ದದ್ದನ್ನು 75ಕ್ಕೆ ಇಳಿಸಿತು. ಬಹುಮಾನ 12.5 ಇದ್ದದ್ದು 6.25 ಆಯ್ತು, ಒಟ್ಟು ಕಾಯಿನ್ ಹುಟ್ಟುವ ವೇಗ ಹಾಗೇ ಉಳಿಯಿತು. ಆದ್ದರಿಂದ ಇದು ಆಗದ ಕೆಲಸ ಅಂತ ಯಾರೂ ಹೇಳುವ ಹಾಗಿಲ್ಲ.

ಉಲ್ಟಾ ಹೋದವರೂ ಇದ್ದಾರೆ. ಮೊನೆರೊ 2014ರಲ್ಲಿ ಒಂದು ನಿಮಿಷದ ಬ್ಲಾಕ್‌ನಿಂದ ಶುರುವಾಯಿತು. 2016ರ ಮಾರ್ಚ್‌ನಲ್ಲಿ ಅವರೇ ಅದನ್ನು ಎರಡು ನಿಮಿಷಕ್ಕೆ ಏರಿಸಿದರು. ಒಂದು ನಿಮಿಷವನ್ನು ಬಳಸಿ ನೋಡಿದವರು ಹಿಂದೆ ಸರಿದರು ಅಂದರೆ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಕಾಫಿತೋಟ

ನಾನು ಚಿಕ್ಕಮಗಳೂರು ಕಡೆಯವಳು. ನಮ್ಮಲ್ಲಿ ಮಳೆಗಾಲ ಬಂತು ಅಂದರೆ ಕರೆಂಟೂ ಹೋಗುತ್ತೆ, ಟವರ್ರೂ ಹೋಗುತ್ತೆ. ಜೂನ್ ಜುಲೈನಲ್ಲಿ ಮೂರು ಮೂರು ದಿನ ಸಿಗ್ನಲ್ ಇಲ್ಲದೆ ಕೂತಿದ್ದೇವೆ. ಹಾಗಾಗಿ ನನ್ನ ಪ್ರಶ್ನೆ ಫೋನ್ ವಾಲೆಟ್ ಬಗ್ಗೆ.

ಬಿಟ್‌ಕಾಯಿನ್‌ನ ಮೂಲ ಪ್ರಬಂಧದಲ್ಲೇ ಈ ಲೆಕ್ಕ ಇದೆ. ಪ್ರತಿ ಬ್ಲಾಕ್‌ನ ಹೆಡರ್, ಅಂದರೆ ಬ್ಲಾಕ್‌ನ ತಲೆಯಲ್ಲಿರುವ ಸಾರಾಂಶ, 80 ಬೈಟ್. ಹತ್ತು ನಿಮಿಷಕ್ಕೊಂದು ಅಂದರೆ ವರ್ಷಕ್ಕೆ 4.2 ಎಂಬಿ. ಹಗುರ ವಾಲೆಟ್‌ಗಳು ಈ ಹೆಡರ್‌ಗಳನ್ನಷ್ಟೇ ಇಳಿಸಿಕೊಂಡು ಕೆಲಸ ಮಾಡುತ್ತವೆ. ಒಂದು ನಿಮಿಷಕ್ಕೆ ಇಳಿಸಿದರೆ ಅದು ವರ್ಷಕ್ಕೆ 42 ಎಂಬಿ ಆಗುತ್ತದೆ. ಬೆಂಗಳೂರಲ್ಲಿ ಕೂತವರಿಗೆ 42 ಎಂಬಿ ಒಂದು ವಿಡಿಯೋ ಅಷ್ಟೇ. ನಮಗೆ ಮಳೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದಾಗ ಅದು ದೊಡ್ಡದೇ. ಆದರೆ ಪ್ರಾಮಾಣಿಕವಾಗಿ ಹೇಳಬೇಕು, ಮೂರು ದಿನ ಬಿಟ್ಟು ತೆರೆದರೆ ಬಾಕಿ ಹೆಡರ್ ಸುಮಾರು 4,300, ಅಂದರೆ 350 ಕೆಬಿ ಆಸುಪಾಸು. ಅದು ತಡೆದುಕೊಳ್ಳಬಹುದು. ಹೊಸ ಫೋನ್‌ನಲ್ಲಿ ಮೊದಲಿಂದ ಶುರು ಮಾಡುವವರಿಗೆ ಮಾತ್ರ ಕಷ್ಟ. ನಾನು ಪೂರ್ತಿ ವಿರೋಧಿ ಅಲ್ಲ. ಆದರೆ ಹತ್ತು ಸೆಕೆಂಡ್, ಐದು ಸೆಕೆಂಡ್ ಅಂತ ಯಾರಾದರೂ ಹೊರಟರೆ ನನ್ನ ವೋಟು ಇಲ್ಲ.

ಮಲ್ನಾಡ್‌ನೋಡ್

ಅಕ್ಕ, ನಮ್ಮ ಕಡೆಯೂ ಅದೇ ಕಥೆ. ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿ ಮೇಲೇ ನನ್ನ ನೋಡ್ ಬದುಕುವುದು. ಹತ್ತು ಸೆಕೆಂಡ್ ಬಗ್ಗೆ ನಾನೂ ನಿಮ್ಮ ಜೊತೆಗೇ ಇದ್ದೇನೆ. ಸೊಲಾನಾ 400 ಮಿಲಿಸೆಕೆಂಡ್‌ಗೆ ಬ್ಲಾಕ್ ಮಾಡುತ್ತೆ, ಆದರೆ ಅದಕ್ಕೆ ಬೇಕಾದ ಯಂತ್ರ ಮನೆಯಲ್ಲಿ ಇಡುವಂಥದ್ದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅದು 17 ಗಂಟೆ ನಿಂತೇ ಹೋಗಿತ್ತು. ಆ ದಾರಿ ನಮಗೆ ಬೇಡ.

ಬ್ಲಾಕ್ ಗಾತ್ರದ ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಈಗ ಮಿತಿ ಕನಿಷ್ಠ 32 ಎಂಬಿ, 2024ರ ಮೇ ತಿಂಗಳಿಂದ ಬಳಕೆ ನೋಡಿಕೊಂಡು ತಾನೇ ಹಿಗ್ಗುವ ವ್ಯವಸ್ಥೆ ಬಂದಿದೆ. ಸಮಯ ಹತ್ತನೇ ಒಂದಾದರೆ ಗಾತ್ರವೂ ಹತ್ತನೇ ಒಂದು, 3.2 ಎಂಬಿ. ಬಹುಮಾನವೂ ಹಾಗೇ, 3.125 ಇರುವುದು 0.3125 ಆಗುತ್ತೆ. 2.1 ಕೋಟಿ ಕಾಯಿನ್ ಅನ್ನುವ ಮಿತಿಗೆ ಯಾರೂ ಕೈ ಹಾಕುವುದಿಲ್ಲ.

ರಾತ್ರಿಪಾಳಿ

ಭದ್ರತೆ ಬಗ್ಗೆ ಇನ್ನೊಂದು ಮಾತು. ಇದು ನನಗೆ ಹಾಳಾಗುವ ಬ್ಲಾಕ್‌ಗಿಂತ ದೊಡ್ಡ ವಿಷಯ.

ಮೂಲ ಪ್ರಬಂಧದಲ್ಲಿ ಒಂದು ಪಟ್ಟಿ ಇದೆ. ಕೊಟ್ಟ ದುಡ್ಡನ್ನು ಅಳಿಸಿ ವಾಪಸ್ ಪಡೆಯಲು ದಾಳಿ ಮಾಡುವವನ ಬಳಿ 10% ಮೈನಿಂಗ್ ಶಕ್ತಿ ಇದ್ದರೆ, ಒಂದು ಕನ್ಫರ್ಮೇಷನ್ ಆದ ಮೇಲೆ ಅವನು ಗೆಲ್ಲುವ ಸಾಧ್ಯತೆ 20%, ಆರು ಆದ ಮೇಲೆ 0.024%. ಇಲ್ಲಿ ಸಮಯದ ಮಾತೇ ಇಲ್ಲ, ಬ್ಲಾಕ್‌ಗಳ ಎಣಿಕೆ ಮಾತ್ರ. ಇದನ್ನು ಹಿಡಿದುಕೊಂಡು ಕೆಲವರು "ಆರು ನಿಮಿಷದಲ್ಲೇ ಆರು ಕನ್ಫರ್ಮೇಷನ್, ಈಗಿನ ಒಂದು ಗಂಟೆಯ ಭದ್ರತೆ ಸಿಕ್ಕಿತು" ಅನ್ನುತ್ತಾರೆ. ಇದು ಅಪಾಯದ ಮಾತು. ಆ ಪಟ್ಟಿ ನಿಂತಿರುವುದು ದಾಳಿಕೋರನ ಬಳಿ 10% ಮಾತ್ರ ಇದೆ ಅನ್ನುವ ಊಹೆ ಮೇಲೆ.

ಬಿಟ್‌ಕಾಯಿನ್ ಕ್ಯಾಶ್‌ಗೆ ಆ ಊಹೆ ಸಲ್ಲುವುದಿಲ್ಲ. ಬಿಟ್‌ಕಾಯಿನ್ ಮೈನಿಂಗ್ ಮಾಡುವ ಅದೇ ಯಂತ್ರ ಇಲ್ಲೂ ನಡೆಯುತ್ತೆ, ಮತ್ತು ಅವುಗಳಲ್ಲಿ ತೀರಾ ಸಣ್ಣ ಪಾಲು ಮಾತ್ರ ಈ ಕಡೆ ಇದೆ. ದೊಡ್ಡ ಪೂಲ್ ಒಂದು ಮನಸ್ಸು ಮಾಡಿದರೆ ಎರಡು ಗಂಟೆ ಈ ಕಡೆ ತಿರುಗಬಹುದು. ಆಗ ಅವರಿಗೆ ಆಗುವ ಖರ್ಚು ಎಷ್ಟು ಹೊತ್ತು ಯಂತ್ರ ಓಡಿಸಿದರು ಅನ್ನುವುದರ ಮೇಲೆ ನಿಂತಿದೆ. ಎಷ್ಟು ಬ್ಲಾಕ್ ಅನ್ನುವುದರ ಮೇಲೆ ಅಲ್ಲ. ಒಂದು ಗಂಟೆಯ ಕೆಲಸವನ್ನು ಆರು ತುಂಡು ಮಾಡಿ, ಅರವತ್ತು ತುಂಡು ಮಾಡಿ, ತೂಕ ಒಂದೇ.

ಎಥೀರಿಯಂ ಕ್ಲಾಸಿಕ್ ನೋಡಿ. ಅಲ್ಲಿ ಬ್ಲಾಕ್ ಹದಿಮೂರು ಸೆಕೆಂಡ್ ಆಸುಪಾಸಿಗೆ ಬರುತ್ತಿತ್ತು. 2020ರ ಆಗಸ್ಟ್ ಒಂದೇ ತಿಂಗಳಲ್ಲಿ ಮೂರು ಸಲ ದಾಳಿ ಆಯ್ತು, ಒಂದೊಂದರಲ್ಲೂ ಸಾವಿರಾರು ಬ್ಲಾಕ್ ಅಳಿಸಿ ಹೋದವು. ವೇಗದ ಬ್ಲಾಕ್ ಏನೂ ಕಾಪಾಡಲಿಲ್ಲ. ಎಕ್ಸ್‌ಚೇಂಜ್‌ಗಳು ಕನ್ಫರ್ಮೇಷನ್ ಎಣಿಕೆಯನ್ನು ಸಾವಿರಗಟ್ಟಲೆಗೆ ಏರಿಸಿದವು. ನಾಳೆ ನೀವು ಒಂದು ನಿಮಿಷ ಮಾಡಿದರೆ, ನಿಮ್ಮ ತಮ್ಮನ ಎಕ್ಸ್‌ಚೇಂಜ್ ಹತ್ತರ ಬದಲು ನೂರು ಕೇಳುತ್ತೆ. ಆಗ ಏನು ಸಿಕ್ಕಿತು?

ಲೆಕ್ಕದಮೇಷ್ಟ್ರು

ರಾತ್ರಿಪಾಳಿಯವರ ಮಾತು ನೂರಕ್ಕೆ ನೂರು ಸರಿ, ಮತ್ತು ಅವರ ಕೊನೆಯ ಪ್ರಶ್ನೆಗೆ ಉತ್ತರವೂ ಇದೆ.

ಎಕ್ಸ್‌ಚೇಂಜ್ ಹತ್ತರ ಬದಲು ನೂರು ಕೇಳಲಿ. ಈಗ ಹತ್ತು ಕನ್ಫರ್ಮೇಷನ್‌ಗೆ ಸರಾಸರಿ 100 ನಿಮಿಷ, ಏರುಪೇರು ಆ ಕಡೆ ಈ ಕಡೆ ಸುಮಾರು 32 ನಿಮಿಷ. ಒಂದು ನಿಮಿಷದ ನೂರು ಬ್ಲಾಕ್‌ಗೂ ಸರಾಸರಿ 100 ನಿಮಿಷವೇ, ಆದರೆ ಏರುಪೇರು 10 ನಿಮಿಷ ಮಾತ್ರ. ಕೆಲಸ ಅಷ್ಟೇ, ಭದ್ರತೆ ಅಷ್ಟೇ, ಆದರೆ "ಒಂದೂ ಮುಕ್ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ ಆಗುತ್ತೆ ಕಣೋ" ಅಂತ ತಮ್ಮನಿಗೆ ಧೈರ್ಯವಾಗಿ ಹೇಳಬಹುದು. ಇನ್ನೂ ಒಂದು ಇದೆ. ಬ್ಲಾಕ್ ಎಣಿಕೆ ಒಂದೊಂದಾಗಿ ಏರುತ್ತಾ ಹೋಗುವುದು ಕಾಣಿಸುತ್ತದೆ. 3, 4, 5 ಅಂತ. ಅದು ಕಣ್ಣಿಗೆ ಕಾಣುವುದಕ್ಕೂ 47 ನಿಮಿಷ ಸೊನ್ನೆ ನೋಡುತ್ತಾ ಕೂರುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮಧ್ಯಮ ಮೊತ್ತದವರಿಗೆ ಇನ್ನೂ ಲಾಭ. ಈಗ ಸೊನ್ನೆಯ ನಂತರದ ಮೆಟ್ಟಿಲು ಹತ್ತು ನಿಮಿಷದ ಎತ್ತರದಲ್ಲಿದೆ. ಎರಡು ಸಾವಿರ ರೂಪಾಯಿ ವ್ಯವಹಾರಕ್ಕೆ ಸೊನ್ನೆ ಸಾಲದು, ಹತ್ತು ನಿಮಿಷ ಜಾಸ್ತಿ. ನಡುವೆ ಸಣ್ಣ ಮೆಟ್ಟಿಲುಗಳಿದ್ದರೆ ಎರಡು ನಿಮಿಷದ ಭದ್ರತೆ ಸಾಕು ಅನ್ನುವವರು ಅಲ್ಲೇ ನಿಲ್ಲಬಹುದು.

ಅಂಗಡಿಅಣ್ಣ

ಮೇಷ್ಟ್ರೇ, ಮೆಟ್ಟಿಲಿನ ಮಾತು ನನಗೆ ನಾಟಿತು. ಪೆನ್ನಿಗೆ ಸೌಂಡ್‌ಬಾಕ್ಸ್ ಸಾಕು. ಆದರೆ ಶಾಲೆ ಶುರುವಾಗುವ ಹೊತ್ತಿಗೆ ಒಬ್ಬರೇ ಇಪ್ಪತ್ತು ಸಾವಿರದ ನೋಟ್‌ಬುಕ್ ತಗೊಂಡು ಹೋದಾಗ ನಾನೂ ಫೋನ್ ತೆಗೆದು ಬ್ಯಾಂಕ್ ಮೆಸೇಜ್ ಬಂತಾ ಅಂತ ನೋಡಿಯೇ ಬಂಡಲ್ ಎತ್ತಿಕೊಡೋದು. ಅವರನ್ನು ಹತ್ತು ನಿಮಿಷ ನಿಲ್ಲಿಸೋಕೆ ಆಗಲ್ಲ, ಒಂದು ಎರಡು ನಿಮಿಷ ಅಂದರೆ ಟೀ ಕೊಟ್ಟು ಕೂರಿಸಬಹುದು. ನನ್ನ ಮೊದಲಿನ ಮಾತು ಸ್ವಲ್ಪ ಸಡಿಲ ಮಾಡುತ್ತೇನೆ.

ಕೋಡ್‌ಕಡಲೆ

ತಡವಾಗಿ ಬಂದೆ, ಕ್ಷಮಿಸಿ. ಮೇಲಿನದ್ದೆಲ್ಲ ಓದಿದೆ. ಎಲ್ಲರೂ ಬಿಟ್ಟ ಒಂದು ವಿಷಯ ಇದೆ, ಮತ್ತು ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಕಷ್ಟದ್ದು. ಕಾಂಟ್ರ್ಯಾಕ್ಟ್ ಬರೆಯುವವನಾಗಿ ಹೇಳುತ್ತಿದ್ದೇನೆ.

ಈ ನೆಟ್‌ವರ್ಕ್‌ನಲ್ಲಿ ಕಾಯಿನ್‌ಗೆ ಬೀಗ ಹಾಕಿ ಇಡಬಹುದು. "ಇಷ್ಟನೇ ಬ್ಲಾಕ್ ಬರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ" ಅಂತ. ಬೀಗವನ್ನು ಗಡಿಯಾರದ ಸಮಯಕ್ಕೂ ಕಟ್ಟಬಹುದು, ಬ್ಲಾಕ್ ಎತ್ತರಕ್ಕೂ ಕಟ್ಟಬಹುದು. ಎತ್ತರಕ್ಕೆ ಕಟ್ಟಿದವರ ಕಥೆ ಏನು? ಒಬ್ಬ ತಂದೆ ಮಗಳ ಹೆಸರಲ್ಲಿ ಒಂದು ವರ್ಷಕ್ಕೆ ಅಂತ 52,560 ಬ್ಲಾಕ್ ಮುಂದಕ್ಕೆ ಬೀಗ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ನಾಳೆ ಒಂದು ನಿಮಿಷದ ಬ್ಲಾಕ್ ಬಂದರೆ ಆ ಬೀಗ ಮೂವತ್ತಾರು ದಿನದಲ್ಲಿ ತೆರೆದುಕೊಳ್ಳುತ್ತೆ. ಇಬ್ಬರ ನಡುವಿನ ಒಪ್ಪಂದದಲ್ಲಿ "ಒಂದು ದಿನದೊಳಗೆ ಉತ್ತರ ಬರದಿದ್ದರೆ ದುಡ್ಡು ನನಗೆ" ಅಂತ 144 ಬ್ಲಾಕ್ ಇಟ್ಟಿದ್ದರೆ ಅದು ಎರಡು ಗಂಟೆ 24 ನಿಮಿಷಕ್ಕೆ ಇಳಿಯುತ್ತೆ. ಮಲಗಿ ಏಳುವುದರೊಳಗೆ ದುಡ್ಡು ಕೈ ಬಿಟ್ಟಿರುತ್ತೆ.

ಇದನ್ನು ಸರಿ ಮಾಡಲು ದಾರಿ ಇದೆ. ಬೀಗದ ಲೆಕ್ಕಕ್ಕೆ ಮಾತ್ರ ಹಳೆ ಎತ್ತರವನ್ನೇ, ಅಂದರೆ ಹತ್ತು ಹೊಸ ಬ್ಲಾಕ್‌ಗೆ ಒಂದು ಅಂತ, ಎಣಿಸಬಹುದು. ಆದರೆ ಅದಾದ ಮೇಲೆ ನೆಟ್‌ವರ್ಕ್‌ನಲ್ಲಿ ಎರಡು ಎಣಿಕೆ ಇರುತ್ತೆ, ಪ್ರತಿ ವಾಲೆಟ್, ಪ್ರತಿ ಎಕ್ಸ್‌ಪ್ಲೋರರ್, ಪ್ರತಿ ಲೈಬ್ರರಿ ಅದನ್ನು ಸರಿಯಾಗಿ ನಿಭಾಯಿಸಬೇಕು. ಒಬ್ಬರು ತಪ್ಪು ಮಾಡಿದರೂ ಯಾರದೋ ದುಡ್ಡು ಹೋಗುತ್ತೆ. ಹೊಸದಾಗಿ ಹುಟ್ಟಿದ ಕಾಯಿನ್ ಖರ್ಚು ಮಾಡಲು ಮೈನರ್ 100 ಬ್ಲಾಕ್ ಕಾಯಬೇಕು ಅನ್ನುವ ನಿಯಮ ಇದೆಯಲ್ಲ, ಅದೂ ಈಗಿನ ಹದಿನಾರು ಗಂಟೆ ಚಿಲ್ಲರೆಯಿಂದ ಒಂದೂ ಮುಕ್ಕಾಲು ಗಂಟೆಯೊಳಕ್ಕೆ ಇಳಿಯುತ್ತೆ, ಅದನ್ನೂ 1,000 ಮಾಡಬೇಕು. ಕಳೆದ 11 ಬ್ಲಾಕ್‌ಗಳ ಮಧ್ಯದ ಸಮಯ ತೆಗೆದುಕೊಳ್ಳುವ ನಿಯಮವನ್ನೂ ಮತ್ತೆ ನೋಡಬೇಕು. ಒಂದು ಸಂಖ್ಯೆ ಬದಲಾಯಿಸಿದರೆ ಆಯ್ತು ಅಂದುಕೊಂಡವರಿಗೆ ಹೇಳುತ್ತಿದ್ದೇನೆ, ಹತ್ತು ನಿಮಿಷ ಅನ್ನುವುದು ಒಂದು ಕಡೆ ಬರೆದಿಟ್ಟದ್ದಲ್ಲ, ಗೋಡೆ ತುಂಬಾ ಇಳಿದ ಬೇರು.

ಡಲ್ಲಾಸ್‌ಕನ್ನಡಿಗ

ಬ್ಲಾಕ್ ಕಂಡುಹಿಡಿಯುವುದು ಎಷ್ಟು ಕಷ್ಟ ಇರಬೇಕು ಅನ್ನುವ ಹೊಂದಾಣಿಕೆ, ಅಂದರೆ ಡಿಫಿಕಲ್ಟಿ, ಬಗ್ಗೆ ಚಿಂತೆ ಬೇಡ ಅನ್ನಿಸುತ್ತೆ. 2020ರ ನವೆಂಬರ್‌ನಲ್ಲಿ ಬಂದ ಅಸರ್ಟ್ ವಿಧಾನ ಕಳೆದ ಇಷ್ಟು ಬ್ಲಾಕ್ ಅಂತ ಸರಾಸರಿ ತೆಗೆಯುವುದಿಲ್ಲ, ಎರಡು ದಿನ ಅನ್ನುವ ಸಮಯದ ಅಳತೆ ಮೇಲೆ ನಡೆಯುತ್ತೆ. ಅದಕ್ಕೆ ಮುಂಚೆ ಮೈನರ್‌ಗಳು ಒಟ್ಟಿಗೆ ಬಂದು ಬ್ಲಾಕ್ ಸುರಿಸಿ, ಒಟ್ಟಿಗೆ ಹೊರಟು ಗಂಟೆಗಟ್ಟಲೆ ಒಣಗಿಸುತ್ತಿದ್ದ ದಿನಗಳು ನೆನಪಿವೆಯಲ್ಲ. ಆ ತೊಂದರೆ ಸರಿಹೋದ ಮೇಲೇ ಈ ಚರ್ಚೆಗೆ ಅರ್ಥ ಬಂದಿದ್ದು.

ಮಲ್ನಾಡ್‌ನೋಡ್

ಎರಡು ದಿನ ಉತ್ತರ ಬರೆಯಲಿಲ್ಲ, ಯೋಚನೆ ಮಾಡುತ್ತಿದ್ದೆ.

ಬೀಗದ ವಿಷಯ ನಾನು ನಿಜಕ್ಕೂ ಯೋಚಿಸಿರಲಿಲ್ಲ. ನನ್ನದೇ ಸ್ವಲ್ಪ ಕಾಯಿನ್ ಬ್ಲಾಕ್ ಎತ್ತರಕ್ಕೆ ಕಟ್ಟಿದ ಬೀಗದಲ್ಲಿದೆ, ಅದೂ ನೆನಪಾಗಿರಲಿಲ್ಲ. ಯಾರೋ ನಂಬಿ ಹಾಕಿದ ಬೀಗವನ್ನು ನಾವೆಲ್ಲ ಸೇರಿ ಬೇಗ ತೆರೆದುಬಿಟ್ಟರೆ, ಆಮೇಲೆ ಈ ಹಣವನ್ನು ನಂಬಿ ಅಂತ ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ನನ್ನ ಮೊದಲ ಪೋಸ್ಟ್‌ನ ಮಾತನ್ನು ಬದಲಾಯಿಸುತ್ತೇನೆ. ಬೀಗಗಳ ಲೆಕ್ಕ ಹಳೆ ಎತ್ತರದಲ್ಲೇ ಉಳಿಯುವ ವ್ಯವಸ್ಥೆ ಬರೆದು, ಪರೀಕ್ಷೆಗಾಗಿಯೇ ಇರುವ ಟೆಸ್ಟ್‌ನೆಟ್‌ನಲ್ಲಿ ಕನಿಷ್ಠ ಒಂದು ವರ್ಷ ಓಡಿಸಿ ನೋಡುವವರೆಗೆ ಬದಲಾವಣೆ ಬೇಡ.

ಸಮಯ ಕಡಿಮೆ ಆಗಲೇಬೇಕು ಅನ್ನುವುದರಲ್ಲಿ ಮಾತ್ರ ನಾನು ಗಟ್ಟಿ. ಮೇಷ್ಟ್ರ 32 ನಿಮಿಷ ಮತ್ತು 10 ನಿಮಿಷದ ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ. ಆದರೆ ಒಂದು ನಿಮಿಷವೇ ಯಾಕೆ ಅಂತ ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರ ಇಲ್ಲ, ಸುಮ್ನೆ ದುಂಡಗಿನ ಸಂಖ್ಯೆ ಅಂತ ಹಿಡಿದುಕೊಂಡಿದ್ದೆ. ಎರಡು ನಿಮಿಷವಾದರೆ ಹಾಳಾಗುವ ಬ್ಲಾಕ್ ಅರ್ಧಕ್ಕಿಳಿಯುತ್ತೆ, ನೂರಕ್ಕೆ ಒಂದೂವರೆ ಆಸುಪಾಸು. ಹೆಡರ್ ವರ್ಷಕ್ಕೆ 21 ಎಂಬಿ. ಏರುಪೇರು 32ರಿಂದ 14ಕ್ಕೆ ಬರುತ್ತೆ. ಒಂದಕ್ಕೆ ಹೋದರೆ ಸಿಗುವ ಲಾಭದಲ್ಲಿ ದೊಡ್ಡ ಪಾಲು ಎರಡಕ್ಕೇ ಸಿಕ್ಕಿಬಿಡುತ್ತೆ.

ರಾತ್ರಿಪಾಳಿ

ಎರಡು ನಿಮಿಷ ಅಂದರೆ ನಾನು ಅಡ್ಡ ನಿಲ್ಲುವುದಿಲ್ಲ. ಆದರೆ ನಾನು ಹೇಳಿದ "ಎರಡು ಸೆಕೆಂಡ್ ತಡ" ಅನ್ನುವುದು ಲೆಕ್ಕಕ್ಕೆ ಹಿಡಿದ ಸಂಖ್ಯೆ. ಇಷ್ಟು ದೊಡ್ಡ ವಿಷಯಕ್ಕೆ ಅಳತೆ ಬೇಕು. ನಮ್ಮಲ್ಲಿ ಮಲೆನಾಡು, ಬೆಂಗಳೂರು, ಡಲ್ಲಾಸ್ ಮೂರು ಕಡೆ ಜನ ಇದ್ದೀರಿ. ಒಂದು ತಿಂಗಳು ಪ್ರತಿ ಬ್ಲಾಕ್ ನಿಮ್ಮ ನೋಡ್‌ಗೆ ಯಾವ ಕ್ಷಣಕ್ಕೆ ಬಂತು ಅಂತ ಬರೆದಿಡಿ. ಬ್ಲಾಕ್ ಒಳಗೆ ಮೈನರ್ ಬರೆದ ಸಮಯ ನಂಬಬೇಡಿ, ಅದು ಹಿಂದೆ ಮುಂದೆ ಇರುತ್ತೆ. ಮೂರು ನೋಡ್‌ಗಳ ನಡುವಿನ ವ್ಯತ್ಯಾಸ ನೋಡೋಣ. ನಾನು ಲಾಗ್ ಬರೆಯುವ ಸ್ಕ್ರಿಪ್ಟ್ ನಾಳೆ ಹಾಕುತ್ತೇನೆ.

ಕಾಫಿತೋಟ

ನನ್ನದನ್ನೂ ಸೇರಿಸಿಕೊಳ್ಳಿ. ಹಳೆ ಲ್ಯಾಪ್‌ಟಾಪ್ ಇದೆ, ನೋಡ್ ಹಾಕುತ್ತೇನೆ. ಆದರೆ ಬರೀ ಒಂದು ತಿಂಗಳು ಸಾಲದು, ಜುಲೈ ಸೇರಲೇಬೇಕು. ಬೇಸಿಗೆಯಲ್ಲಿ ಅಳೆದರೆ ಎಲ್ಲರದ್ದೂ ಚೆನ್ನಾಗೇ ಬರುತ್ತೆ.

ರಾತ್ರಿಪಾಳಿ

ಸರಿ ಮೇಡಂ, ಜುಲೈ ಮುಗಿಯುವವರೆಗೆ. ಎಲ್ಲರೂ ಮೊದಲು ಯಂತ್ರದ ಗಡಿಯಾರ ಇಂಟರ್ನೆಟ್ ಸಮಯಕ್ಕೆ ಹೊಂದಿಕೊಂಡಿದೆಯಾ ನೋಡಿ. ಅರ್ಧ ಸೆಕೆಂಡ್ ಆಚೆ ಈಚೆ ಇದ್ದರೂ ಈ ಲೆಕ್ಕ ಕೆಡುತ್ತೆ.

ಮಲ್ನಾಡ್‌ನೋಡ್

ನೋಡಿದೆ. ನನ್ನದು 0.8 ಸೆಕೆಂಡ್ ಹಿಂದೆ ಇತ್ತು. ಸರಿ ಮಾಡಿದ್ದೇನೆ.